ಹತ್ತರಿಂದ ಹನ್ನೊಂದೂವರೆಯವರೆಗೆ ಊರಸೇವೆ

ಕಾರವಾರದ ಟಾಗೋರ್ ಕಡಲತೀರದಲ್ಲಿ ಸಮಾಜಸೇವೆ ಮಾಡಲು ಕಂಪನಿ ನೌಕರರಿಗೆ ಮೊದಲು ಬೇಕಾಗುವುದು ಟೀ ಶರ್ಟ್. ಯಾರಿಗೆ ಯಾವ ಅಳತೆ ಎಂದು ಪಟ್ಟಿ ಮಾಡಲು ಹದಿನೈದು ದಿನ ಹಿಡಿಯುತ್ತದೆ. ಹೆಕ್ಕಿದ ಕಸವನ್ನು ಎಲ್ಲಿಗೆ ಸಾಗಿಸಬೇಕು ಎಂದು ನಗರಸಭೆಗೆ ಫೋನ್ ಮಾಡಿ ಕೇಳಲು ಐದೇ ನಿಮಿಷ ಸಾಕು. ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಂಡು ಮರೆತುಬಿಡುತ್ತಾರೆ. ಆಮೇಲೆ ಬ್ಯಾನರ್. ‘ಪ್ಲಾಸ್ಟಿಕ್ ಬಿಡಿ, ಕಡಲು ಉಳಿಸಿ’ ಎಂದು ಇಪ್ಪತ್ತು ಅಡಿ ಫ್ಲೆಕ್ಸಿನ ಮೇಲೆ ಅಚ್ಚು ಹಾಕಿಸಬೇಕು. ಪ್ಲಾಸ್ಟಿಕ್ ಚೀಲದ ಜೊತೆ ಫ್ಲೆಕ್ಸನ್ನೂ ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆಯಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಅವರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿ ಫೋಟೊ ತೆಗೆಯಿರಿ. ತಣ್ಣಗಾಗುತ್ತಾರೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ದೊಡ್ಡ ಕಂಪನಿಗಳಿಗೆ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಿ ಎನ್ನುತ್ತದೆ. ಅದರಲ್ಲೂ ತಾವು ಕೆಲಸ ನಡೆಸುವ ಊರಿಗೆ ಆದ್ಯತೆ ಕೊಡಿ ಎನ್ನುತ್ತದೆ. ಊರು ಎಂದರೆ ಬಸ್ಸು ನಿಲ್ಲಿಸಲು ಜಾಗ ಇರುವಲ್ಲಿ ಎಂದು ಇವರು ಅರ್ಥ ಮಾಡಿಕೊಂಡಿದ್ದಾರೆ. ಆದ್ದರಿಂದ ಯುದ್ಧನೌಕೆ ಮ್ಯೂಸಿಯಂ ಎದುರಿನ ಮರಳೇ ಮತ್ತೆ ಮತ್ತೆ ಸ್ವಚ್ಛವಾಗುತ್ತದೆ. ಕಾಳಿ ನದಿ ಹೊತ್ತು ತಂದದ್ದು ಕೋಡಿಬಾಗದ ಅಳಿವೆಯ ಬದಿಯಲ್ಲಿ ಹಾಯಾಗಿರುತ್ತದೆ.

ಕಾರ್ಯಕ್ರಮ ಹತ್ತರಿಂದ ಹನ್ನೊಂದೂವರೆ. ಸೆಪ್ಟೆಂಬರಿನ ಮೂರನೇ ಶನಿವಾರ, ಅಂದರೆ ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ದಿನ. ಭರತಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ; ಅದಕ್ಕೆ ಆಫೀಸಿನ ಇನ್ವೈಟ್ ಹೋಗಿರುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಂತೂ ನೀರು ಮೇಲೇರುವುದೇ ಇವರು ಕೈಗವಸು ಹಾಕುವ ಹೊತ್ತಿಗೆ. ಇಳಿತದ ಹೊತ್ತು ನೋಡಿ, ಹಿಂದಿನ ಭರತಿ ಬಿಟ್ಟುಹೋದ ಗೆರೆಯಿಂದ ಹೆಕ್ಕಲು ಶುರುಮಾಡಿದರೆ ಕೆಲಸ ಸಾಗುತ್ತದೆ. ಒದ್ದೆ ಮರಳು ಮೆತ್ತಿದ ಪ್ಲಾಸ್ಟಿಕ್ಕಿನ ಭಾರಕ್ಕೆ ತೆಳು ಕಪ್ಪು ಚೀಲ ಹರಿಯುತ್ತದೆ, ಗೋಣಿಚೀಲ ತಡೆಯುತ್ತದೆ. ಆದರೆ ಫೋಟೊದಲ್ಲಿ ಕಪ್ಪು ಚೀಲವೇ ಚೆಂದ ಕಾಣುತ್ತದಂತೆ. ತುಂಬಿದ ಚೀಲಗಳನ್ನು ನೀರಿನ ಅಂಚಿನಲ್ಲೇ ಸಾಲಾಗಿ ಇಟ್ಟು, ಅವುಗಳ ಹಿಂದೆ ಹೆಬ್ಬೆರಳು ಎತ್ತಿ ನಿಲ್ಲುತ್ತಾರೆ. ರಾತ್ರಿ ಅರ್ಧ ನಾಯಿಗಳ ಪಾಲು, ಉಳಿದರ್ಧ ಕಡಲಿಗೆ.

ಮರಳಿನ ಮೇಲೆ ಹಬ್ಬಿ ನೇರಳೆ ಹೂ ಬಿಡುವ ಬಳ್ಳಿಯನ್ನು ಕಳೆ ಎಂದು ಕೀಳುವುದು ಇನ್ನೊಂದು ಉತ್ಸಾಹ. ಮರಳು ಗಾಳಿಗೆ ಹಾರದಂತೆ ಸಂಬಳವಿಲ್ಲದೆ ಹಿಡಿದಿಟ್ಟಿರುವುದು ಅದೇ.

ಬಲೆಯ ಕಥೆ ಬೇರೆ. ಮರಳಲ್ಲಿ ಹೂತ ನೈಲಾನ್ ಬಲೆಯನ್ನು ಹದಿನೈದು ಜನ ‘ಹೈಸಾ’ ಎಂದು ಜಗ್ಗಿದರೆ ಮೇಲಿನ ಎರಡು ಮೊಳ ಕಿತ್ತು ಬರುತ್ತದೆ, ಉಳಿದದ್ದು ಅಲ್ಲೇ. ಸಲಿಕೆಯಿಂದ ಸುತ್ತಲೂ ಬಿಡಿಸಿ, ಕತ್ತಿಯಿಂದ ತುಂಡು ತುಂಡಾಗಿ ಕೊಯ್ದು ತೆಗೆಯಬೇಕು. ದಡದಿಂದ ಎಳೆಯುವ ದೊಡ್ಡ ಬಲೆ ರಂಪಣಿಯನ್ನು ಎಳೆದವರಲ್ಲಿ ಒಬ್ಬರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳದೆ ಹೊರಟವರು ಒಂದು ಒಳ್ಳೆಯ ಬಲೆಯನ್ನೂ ಸುತ್ತಿ ಚೀಲಕ್ಕೆ ತುಂಬುತ್ತಾರೆ. ಆಗ ಮೀನು ಬುಟ್ಟಿ ಇಳಿಸಿದ ಅಜ್ಜಿಯೊಬ್ಬಳು, “ತಮಾ, ಅದು ಕಸ ಅಲ್ಲ ಮಾರಾಯಾ, ಒಣಗಲಿಕ್ಕೆ ಹಾಕಿದ್ದು” ಎನ್ನಬೇಕಾಗುತ್ತದೆ.

ಜೂನ್ 5ರ ಪರಿಸರ ದಿನಕ್ಕೆ ಕಾಂಡ್ಲಾ, ಅಂದರೆ ಅಳಿವೆಯ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ, ನೆಡುವ ಬಾಬತ್ತು ಇದೆ. ನುಗ್ಗೆಕಾಯಿಯ ಹಾಗೆ ಜೋಲುವ ಕಾಂಡ್ಲಾ ಮೊಳಕೆ ಮಳೆಗಾಲದಲ್ಲಿ ಬಲಿತು ತಾನೇ ಕಳಚಿ ಬೀಳುತ್ತದೆ. ಇವರು ಎಳೆಯದನ್ನೇ ಕಿತ್ತು ತರಿಸುತ್ತಾರೆ. ಚೂಪು ತುದಿ ಕೆಳಗೆ, ಮೊಗ್ಗಿನ ತುದಿ ಮೇಲೆ, ಮೂರರಲ್ಲೊಂದು ಪಾಲು ಕೆಸರಿನೊಳಗೆ, ಗಿಡದಿಂದ ಗಿಡಕ್ಕೆ ಒಂದು ಒಂದೂವರೆ ಮೀಟರ್. ಇಷ್ಟೇ ವಿದ್ಯೆ. ತಲೆಕೆಳಗಾಗಿ ಚುಚ್ಚಿದ್ದು ಫೋಟೊದಲ್ಲಿ ಗೊತ್ತಾಗುವುದಿಲ್ಲ. ನರ್ಸರಿ ಗಿಡವಾದರೆ ಪ್ಲಾಸ್ಟಿಕ್ ತೊಟ್ಟೆ ಸಮೇತ ಹೂಳುತ್ತಾರೆ, ಪರಿಸರ ದಿನವಲ್ಲವೇ. ಬೂಟು ಮೊಣಕಾಲುದ್ದ ಕೆಸರಲ್ಲಿ ಹೂತ ಮ್ಯಾನೇಜರನ್ನು ಎತ್ತಲು ನಾಲ್ಕು ಜನ ಬೇಕು, ನೆಡುವವರು ಅಷ್ಟರಮಟ್ಟಿಗೆ ಕಡಿಮೆ. ಸದಾ ನೀರು ನಿಲ್ಲುವ ತಗ್ಗಿನಲ್ಲಿ ನೆಟ್ಟದ್ದು ಕೊಳೆಯುತ್ತದೆ, ದಂಡೆಗೆ ಹತ್ತಿರ ನೆಟ್ಟದ್ದನ್ನು ದನ ಮೇಯುತ್ತದೆ. ಹೆಂಗಸರು ಬೆಳಚು ಎಂಬ ಚಿಪ್ಪುಮೀನು ಹೆಕ್ಕುವ ಬಯಲಲ್ಲಿ ನೆಟ್ಟರೆ ಅವರ ಅನ್ನಕ್ಕೇ ಕಲ್ಲು. ವರದಿಯಲ್ಲಿ ‘ನೆಟ್ಟದ್ದು’ ಎಂಬ ಕಾಲಂ ಮಾತ್ರ ಇರುತ್ತದೆ. ‘ಬದುಕಿದ್ದು’ ಎಂಬ ಕಾಲಂ ಸೇರಿಸಲು ಎಕ್ಸೆಲ್‌ನಲ್ಲಿ ಜಾಗ ಸಾಲದಿರಬಹುದು.

ಹನ್ನೊಂದೂವರೆಗೆ ಬನ್ಸ್ ಭಾಜಿ, ತಲೆಗೊಂದು ಸಣ್ಣ ನೀರಿನ ಬಾಟಲಿ. ಬಸ್ಸು ಹತ್ತುವಾಗ ಬಾಟಲಿಗಳು ಗಾಳಿಮರದ ಬುಡದಲ್ಲಿ, ಬ್ಯಾನರ್ ಅದೇ ಮರದ ಮೇಲೆ. ಅಜ್ಜಿ ಇನ್ನೂ ಅಲ್ಲೇ ಇರುತ್ತಾಳೆ.

“ತಮಾ, ಆ ಬ್ಯಾನರ್ ಬಿಟ್ಟು ಹೋಗ್ತೀರಾ? ಮೀನು ಒಣಗಿಸ್ಲಿಕ್ಕೆ ಆಗ್ತದೆ.”