ಅಡಗಿ ಕೂತರೆ ಆಯ್ತು
ಬಂದೂಕು ಹಿಡಿದು ಹೊಡೆದಾಡುವ ಶೂಟರ್ ವಿಡಿಯೋ ಗೇಮ್‌ನ ಮುಂದಿನ ಭಾಗ ಬರುತ್ತಿದೆ ಅಂದರೆ ಈಗ ಖುಷಿಗಿಂತ ದಿಗಿಲೇ ಜಾಸ್ತಿ. ಈ ಸಲ ಏನನ್ನು ಕಿತ್ತು ಹಾಕಿದ್ದಾರೋ! 1993ರ ಡೂಮ್‌ನಲ್ಲಿ ಸಿಕ್ಕ ಬಂದೂಕನ್ನೆಲ್ಲ ಹೊತ್ತು ಓಡಬಹುದಿತ್ತು. 2001ರ ಹೇಲೋ ಎರಡೇ ಸಾಕು ಎಂದಿತು. ಯಾವುದನ್ನು ಬಿಡಲಿ ಅನ್ನೋ ಲೆಕ್ಕಾಚಾರವಾದರೂ ಅದರಲ್ಲಿತ್ತು, ಒಪ್ಪೋಣ. ಆದರೆ ಕಾಲ್ ಆಫ್ ಡ್ಯೂಟಿ? 2003ರ ಮೊದಲ ಭಾಗದಲ್ಲಿ ಗಾಯ ವಾಸಿಯಾಗಲು ಹೆಲ್ತ್ ಪ್ಯಾಕ್, ಅಂದರೆ ಔಷಧದ ಪೆಟ್ಟಿಗೆ, ಹುಡುಕಬೇಕಿತ್ತು. 2005ರ ಎರಡನೆಯದರಲ್ಲಿ ಗೋಡೆ ಹಿಂದೆ ಸುಮ್ನೆ ಕೂತರೆ ಸಾಕು, ಗುಂಡು ಬಿದ್ದಾಗ ಸ್ಕ್ರೀನಿಗೆ ಹತ್ತಿದ ಕೆಂಪು ಮಾಯ, ಮೈಯೆಲ್ಲ ವಾಸಿ. ಆಮೇಲೆ ಬಹಳ ಮಂದಿ ಅದನ್ನೇ ಹಿಡಿದರು. ಗುಂಡು ತಿನ್ನು, ಅಡಗು, ಎದ್ದು ಹೊಡೆ, ಮತ್ತೆ ಅಡಗು. ಜೀವ ಚೂರೇ ಉಳಿದಿದೆ, ಮುಂದಿನ ಬಾಗಿಲು ತೆರೆಯಲೋ ಬೇಡವೋ ಎಂಬ ನಡುಕವೇ ಹೋಯ್ತು. ಕಷ್ಟ ಬೇಡದವರಿಗೆ ಈಸಿ ಮೋಡ್ ಇದೆಯಲ್ವಾ? ಹಾರ್ಡ್ ಮೋಡ್‌ನಲ್ಲಾದರೂ ನನ್ನ ಗಾಯ ನನಗೆ ಬಿಡಿ.