ಹಳೆ ಡೀಸೆಲ್ ಟ್ಯಾಂಕಿನಿಂದ ಸಬ್‌ಮರೀನ್ ಆಗುತ್ತಾ? ಸತ್ಯಾಂಶ

"ಸಾವಿರಾರು ಲೀಟರ್ ಎಣ್ಣೆ ತಡೆದ ಟ್ಯಾಂಕ್ ಹೊಳೆ ನೀರು ತಡೆಯಲ್ವಾ? ಗುಜರಿಯಿಂದ ತಂದು ಸಬ್‌ಮರೀನ್ ಮಾಡಿ." ಇಂಥದ್ದೊಂದು ಸಂದೇಶ ಸಾಗರದ ನಮ್ಮ ವಾಟ್ಸಾಪ್ ಗುಂಪಿಗೂ ಬಂತು.

ಉಕ್ಕಿನದು ತಪ್ಪಲ್ಲ. ನಿಜವಾದ ಸಬ್‌ಮರೀನ್‌ಗಳೂ ಹೆಚ್ಚಾಗಿ ಉಕ್ಕಿನವೇ. ಆದರೆ ಟ್ಯಾಂಕಿನಲ್ಲಿ ಎಣ್ಣೆ ಒಳಗಿನಿಂದ ಹೊರಕ್ಕೆ ತಳ್ಳುತ್ತದೆ, ತಗಡು ಬಿಗಿಯಾಗುತ್ತದೆ. ನೀರೊಳಗೆ ಒತ್ತಡ ಹೊರಗಿನಿಂದ ಬರುತ್ತದೆ. ಆಗ ತೆಳು ತಗಡು ಮಡಚಿಕೊಳ್ಳುತ್ತದೆ. ಖಾಲಿ ಪ್ಲಾಸ್ಟಿಕ್ ಬಾಟಲಿಯ ಗಾಳಿಯನ್ನು ಬಾಯಿಂದ ಎಳೆದು ನೋಡಿ, ಪಕ್ಕೆ ಒಳಕ್ಕೆ ಹೋಗುತ್ತೆ ಅಲ್ವಾ? ಹಾಗೇ.

ಶರಾವತಿ ಹಿನ್ನೀರಿನಲ್ಲಿ 10 ಮೀಟರ್ ಕೆಳಗಿಳಿದರೆ, ಪ್ರತಿ ಚದರ ಮೀಟರ್ ಮೇಲೆ ನೀರಿನದ್ದೇ ಸುಮಾರು 10 ಟನ್ ಭಾರ. ಅದಕ್ಕೇ ಸಬ್‌ಮರೀನಿನ ಮೈ ದುಂಡಗಿರುತ್ತದೆ, ಉದ್ದಕ್ಕೂ ಬಳೆ ಜೋಡಿಸಿದ ಹಾಗೆ ದಪ್ಪ ಉಕ್ಕಿನ ಉಂಗುರಗಳಿರುತ್ತವೆ. ಎಲ್ಲೋ ಒಂದು ಕಡೆ ನೆಗ್ಗಿದ್ದರೆ, ತುಕ್ಕು ತಿಂದಿದ್ದರೆ ಕುಸಿತ ಅಲ್ಲಿಂದಲೇ ಶುರು. ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಟ್ಯಾಂಕಿಗೆ ತುಕ್ಕು ಹಿಡಿಯದೇ ಇರುತ್ತಾ?

ಮುಳುಗಿಸುವುದೂ ಸುಲಭವಲ್ಲ. 5,000 ಲೀಟರಿನ ಟ್ಯಾಂಕ್ ಮುಳುಗಲು ಒಟ್ಟು ತೂಕ 5 ಟನ್ ದಾಟಬೇಕು.

ನನಗೆ ಇದೆಲ್ಲಕ್ಕಿಂತ ಜಾಸ್ತಿ ಭಯ ವೆಲ್ಡಿಂಗ್‌ನದ್ದು. ಖಾಲಿ ಟ್ಯಾಂಕಿನಲ್ಲಿ ಉಳಿದ ಎಣ್ಣೆಯ ಆವಿ ಒಂದು ಕಿಡಿಗೆ ಸಿಡಿಯಬಹುದು. ಸುಮ್ನೆ ನೀರು ಹಾಕಿ ತೊಳೆದರೆ ಸಾಲದು. ಸಂದಿಯಲ್ಲಿ, ತುಕ್ಕಿನ ಅಡಿಯಲ್ಲಿ ಅಂಟಿಕೊಂಡ ಡೀಸೆಲ್ ಬಿಸಿ ತಾಗಿದ ಕೂಡಲೇ ಮತ್ತೆ ಆವಿಯಾಗುತ್ತದೆ. ನಿಮ್ಮೂರಿನ ಹುಡುಗರು ಯಾರಾದರೂ ಇಂಥ ಟ್ಯಾಂಕ್ ತಂದಿಟ್ಟಿದ್ದರೆ, ಗ್ಯಾಸ್ ಕಟರ್ ಹಚ್ಚುವ ಮೊದಲೇ ಹೋಗಿ ತಡೆಯಿರಿ.