ಐದನೇ ತಂತಿಯ ಝಿಂಯ್

ನಾನು ಗಿಟಾರ್ ಕೈಗೆತ್ತಿಕೊಂಡ ತಕ್ಷಣ ನಮ್ಮ ಮನೆಯಲ್ಲಿ ಎರಡು ಕೆಲಸ ಆಗುತ್ತವೆ. ಅಮ್ಮ ಧಾರಾವಾಹಿಯ ಸೌಂಡ್ ಜಾಸ್ತಿ ಮಾಡುತ್ತಾಳೆ. ಹೆಂಡತಿ ಬಟ್ಟೆ ಒಣಹಾಕಲು ಟೆರೇಸಿಗೆ ಹೋಗುತ್ತಾಳೆ. ಬಟ್ಟೆ ಒಗೆದಿರಲೇಬೇಕು ಅಂತೇನಿಲ್ಲ.

ತಪ್ಪು ಅವರದಲ್ಲ. ನನ್ನದು ವಾಲ್ವ್ ಆಂಪ್, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ವಾಲ್ವಿನ ಪೆಟ್ಟಿಗೆ. ಹಳೇ ರೇಡಿಯೋ ನೋಡಿದವರಿಗೆ ವಾಲ್ವ್ ಗೊತ್ತಿರುತ್ತದೆ. ಸ್ವಿಚ್ ಹಾಕಿದ ಕೂಡಲೇ ಮಾತಾಡುವುದಿಲ್ಲ. ಗಾಜಿನ ಬುರುಡೆಯೊಳಗೆ ಸಣ್ಣ ಕೆಂಡ ಕಾಣಿಸಿಕೊಂಡು, ಮೈ ಕಾಯಿಸಿಕೊಂಡು, ಆಮೇಲೆ ಬಾಯಿ ಬಿಡುತ್ತದೆ. ಕಾಫಿಗೆ ಮುಂಚೆ ನಾನಿರುವ ಹಾಗೆ. ಅದನ್ನು ಮೆಲ್ಲಗೆ ನುಡಿಸಿದರೆ ಸಪ್ಪೆ. ಸುಸ್ತಾಗುವಷ್ಟು ದುಡಿಸಿದರೆ ಮಾತ್ರ ಸದ್ದಿನ ಅಂಚು ಹದವಾಗಿ ಒಡೆಯುತ್ತದೆ. ಆ ಒಡಕಿಗೇ ನಾವು ಟೋನ್, ಟೋನ್ ಅಂತ ಬಾಯಿ ಬಡಿದುಕೊಳ್ಳುವುದು. ಅದು ಬರಬೇಕಾದರೆ ವಾಲ್ಯೂಮ್ 6ರಲ್ಲಿ ಇರಬೇಕು. ನಮ್ಮ ಮನೆಯಲ್ಲಿ ಮಂಜೂರಾಗಿರುವುದು 2.

ಒಮ್ಮೆ ಎಲ್ಲರೂ ಮದುವೆಗೆ ಹೋಗಿದ್ದಾಗ 6ಕ್ಕೆ ತಿರುಗಿಸಿಯೇಬಿಟ್ಟೆ. ಬರೀ 15 ವ್ಯಾಟು, ಬಚ್ಚಲುಮನೆ ಬಲ್ಬಿನಷ್ಟು, ಏನಾದೀತು ಅಂತ ಧೈರ್ಯ. ಎರಡು ನಿಮಿಷ ಆಗಿರಬಹುದು. ಕೆಳಗಿನ ಮನೆಯ ಅಂಕಲ್ ಬನಿಯನ್ನಿನಲ್ಲೇ ಮೆಟ್ಟಿಲು ಹತ್ತಿ ಬಂದರು. ಬೈಯಲಿಲ್ಲ. ಪಾಪ, ನಿಜವಾದ ಕಾಳಜಿಯಿಂದಲೇ ಕೇಳಿದರು: "ಏನಪ್ಪಾ, ಮಿಕ್ಸಿ ಕೆಟ್ಟೋಯ್ತಾ?"

ನನಗೆ ಇಷ್ಟವಾದ ಆಂಪುಗಳು ಯಾವುವೂ ನನ್ನ ಬಳಿ ಇಲ್ಲ, ಅದು ಬೇರೆ ಮಾತು. ಫೆಂಡರ್ ಬೇಸ್‌ಮ್ಯಾನ್ ಅಂತ ಒಂದಿದೆ. 1950ರ ದಶಕದಲ್ಲಿ ಬೇಸ್ ಗಿಟಾರಿಗೆಂದು ಮಾಡಿದ್ದು. ಮಾಮೂಲಿ ಗಿಟಾರಿನವರು ಎತ್ತಿಕೊಂಡು ಹೋದವರು ವಾಪಸ್ ಕೊಡಲೇ ಇಲ್ಲ. ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ಅದನ್ನೇ ನೋಡಿಕೊಂಡು ತಮ್ಮ ಮೊದಲ ಆಂಪ್ ಮಾಡಿಸಿದರು. ಲೆಕ್ಕ ಅದೇ, ಬಿಡಿಭಾಗ ಬೇರೆ, ಸದ್ದೂ ಬೇರೆ. ಪಕ್ಕದ ಮನೆಯವರ ಸಾರಿನ ಪುಡಿಯ ಅಳತೆ ಕೇಳಿಕೊಂಡು ಬಂದು ನಮ್ಮ ಮೆಣಸಿನಕಾಯಿ ಹಾಕಿದಂತೆ. ಫೆಂಡರಿನದೇ ಟ್ವಿನ್ ರಿವರ್ಬ್ 85 ವ್ಯಾಟಿನದು, ತೂಕ ಸುಮಾರು 29 ಕೆಜಿ. ಗೆಳೆಯನೊಬ್ಬನ ಮನೆಯಲ್ಲಿ ಅದನ್ನು ಎತ್ತಿ ನೋಡಿದ್ದೇನೆ. ಟೋನ್ ಕೇಳಲಾಗಲಿಲ್ಲ, ನನ್ನ ಸೊಂಟದ ಸದ್ದು ಚೆನ್ನಾಗಿ ಕೇಳಿಸಿತು.

ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಇನ್ನೂ ಒಂದು ಕೈ ಮೇಲೆ. ಒಡಕು ಸದ್ದು ಬೇಕು ಅಂತ ಸ್ಪೀಕರಿನ ಕಾಗದವನ್ನೇ ಬ್ಲೇಡಿನಿಂದ ಸೀಳಿದ ಮಹಾನುಭಾವ. ಊಟಕ್ಕೆ ಕೂತಾಗ ಈ ಕತೆ ಹೇಳಿದೆ. ಹೆಂಡತಿ ತಲೆ ಎತ್ತದೆ, "ಬ್ಲೇಡ್ ಎಲ್ಲಿದೆ ಅಂತ ನಂಗೆ ಗೊತ್ತು" ಅಂದಳು.

ಕಳೆದ ಮಳೆಗಾಲದಲ್ಲಿ ಹೊಸ ಕಾಟ ಶುರುವಾಯಿತು. ಐದನೇ ತಂತಿಯನ್ನು ಬೆರಳಿಡದೆ ಮೀಟಿದರೆ ಸ್ವರದ ಬೆನ್ನಿಗೇ ಒಂದು 'ಝಿಂಯ್'. ಉಳಿದ ಐದು ತಂತಿಗಳು ಸುಮ್ಮನಿವೆ. ವಾಲ್ವ್ ಹಳತಾದರೆ ಒಳಗಿನ ತಗಡು ಸಡಿಲವಾಗಿ ಹೀಗೆ ಕಿರಿಕಿರಿ ಮಾಡುವುದುಂಟು. ಪತ್ತೆ ಹಚ್ಚಲು ಆಂಪ್ ಆನ್ ಇರುವಾಗಲೇ ಒಂದೊಂದು ವಾಲ್ವನ್ನೂ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಬೇಕು. ಮಗಳ ಪೆನ್ಸಿಲ್ ತಂದು, ಕಣ್ಣು ಮುಚ್ಚಿ, ತಟ್ಟುತ್ತಾ ಕೂತೆ. ಅವಳು ಬಂದು ನಿಂತು, "ಅಪ್ಪಾ, ಅದಕ್ಕೆ ಜ್ವರಾನಾ?" ಅಂದಳು.

ಅನುಮಾನದ ಕಿವಿಗೆ ಐದೂ ವಾಲ್ವುಗಳು ದೇವಸ್ಥಾನದ ಗಂಟೆಯಂತೆ ಕೇಳಿಸಿದವು. ಮೊದಲು ಮೂರು ಚಿಕ್ಕವನ್ನು ಬದಲಾಯಿಸೋಣ ಅಂದುಕೊಂಡೆ. ಅಮೆರಿಕದಲ್ಲಿ ಇವಕ್ಕೆ 12ಎಎಕ್ಸ್7 ಅಂತಾರೆ, ಯುರೋಪಿನಲ್ಲಿ ಇಸಿಸಿ83. ಮನೆಯಲ್ಲಿ ಪುಟ್ಟಿ, ಶಾಲೆಯಲ್ಲಿ ಇನ್ನೇನೋ ಇರುತ್ತಲ್ಲ, ಹಾಗೆ. ಸ್ಲೊವಾಕಿಯಾದಲ್ಲಿ ಇವನ್ನು ಈಗಲೂ ಮಾಡುತ್ತಾರೆ. ತರಿಸಿದೆ. ಹಳೆಯದನ್ನು ಕೀಳುವ ಉತ್ಸಾಹದಲ್ಲಿ ಆರಲು ಬಿಡಬೇಕು ಅನ್ನುವುದೇ ಮರೆತು ಎರಡು ಬೆರಳು ಸುಟ್ಟುಕೊಂಡೆ. "ಮಸಿಬಟ್ಟೆ ಯಾಕಿರೋದು?" ಅಂದಳು ಅಮ್ಮ. ಬೆರಳಿಗೆ ಮುಲಾಮು ಹಚ್ಚಿಕೊಂಡು ಐದನೇ ತಂತಿ ಮೀಟಿದೆ. ಝಿಂಯ್.

ಇನ್ನುಳಿದದ್ದು ಎರಡು ದೊಡ್ಡವು, ಇಎಲ್84. ತಡೆಯಲಾರದೆ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋದೆ. ಒಂದು ಗಲ್ಲಿಯಲ್ಲಿ ಹಳೇ ರೇಡಿಯೋ ಸಾಮಾನು ಇಟ್ಟುಕೊಂಡಿರುವ ಯಜಮಾನರು. ಧೂಳು ಊದಿ ಎರಡು ರಟ್ಟಿನ ಡಬ್ಬಿ ಮುಂದಿಟ್ಟರು. ಮೇಲೆ ಬಿಇಎಲ್ ಅಂತ ಅಚ್ಚು, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್. ನಮ್ಮ ಜಾಲಹಳ್ಳಿಯದು! 1960ರ ದಶಕದಿಂದ ಅಲ್ಲಿ ರೇಡಿಯೋ ವಾಲ್ವ್ ತಯಾರಾಗುತ್ತಿದ್ದವು. ನಾನು ಸ್ಲೊವಾಕಿಯಾಕ್ಕೆ ದುಡ್ಡು ಕಳಿಸಿ ದಿನ ಎಣಿಸುತ್ತಾ ಕೂತಿದ್ದೆ.

"ಯಾವ ರೇಡಿಯೋಗೆ ಸ್ವಾಮಿ?"

"ರೇಡಿಯೋಗಲ್ಲ, ಗಿಟಾರಿಗೆ."

ಯಜಮಾನರು ನನ್ನ ಬ್ಯಾಂಡೇಜನ್ನು ಒಮ್ಮೆ ನೋಡಿದರು. "ಪ್ಲಗ್ ಕಿತ್ತರೂ ಒಳಗೆ ಕೆಪಾಸಿಟರಲ್ಲಿ 300 ವೋಲ್ಟು ಕೂತಿರುತ್ತೆ. ಒಳಗೆ ಕೈ ಹಾಕೋದಿದ್ರೆ ಇನ್ನೊಂದು ಕೈ ಜೇಬಲ್ಲಿರಲಿ." ಎರಡೂ ಕೈ ಇಟ್ಟರೆ ಕರೆಂಟು ಎದೆ ದಾಟಿ ಹೋಗುತ್ತದಂತೆ. ಚೌಕಾಸಿ ಮಾಡುವ ಆಸೆಯೇ ಹೊರಟುಹೋಯಿತು.

ಮನೆಗೆ ಬಂದು, ಒಳಗೆ ಕೈ ಹಾಕುವ ಅಗತ್ಯವೇ ಇಲ್ಲದಿದ್ದರೂ ಒಂದು ಕೈ ಜೇಬಿನಲ್ಲಿಟ್ಟುಕೊಂಡು, ಮಸಿಬಟ್ಟೆ ಹಿಡಿದು ಹೊಸದನ್ನು ಕೂರಿಸಿದೆ. ಕೆಂಡ ಹತ್ತಿಕೊಂಡಿತು. ಮೀಟಿದೆ.

ಝಿಂಯ್.

ಸಿಟ್ಟಿನಲ್ಲಿ ಅದೇ ತಂತಿಯನ್ನು ಮತ್ತೆ ಮತ್ತೆ ಹೊಡೆದೆ. ಝಿಂಯ್, ಝಿಂಯ್, ಝಿಂಯ್. ಆಮೇಲೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಸ್ವರ ಮಾತ್ರ, ತೊಳೆದಿಟ್ಟಂತೆ. ನಾನು ಏನೂ ಮಾಡಿರಲಿಲ್ಲ. ಎದ್ದು ಅಡುಗೆಮನೆಗೆ ಹೋದೆ. ಆಂಪ್ ಇರುವ ಗೋಡೆಯ ಆಚೆ ಬದಿಗೆ ತಟ್ಟೆ ಸ್ಟ್ಯಾಂಡ್. ಅಮ್ಮ ಒಂದು ಕೈಯಲ್ಲಿ ರೊಟ್ಟಿ ತಟ್ಟುತ್ತಾ, ಇನ್ನೊಂದು ಕೈಯಲ್ಲಿ ಕೊನೆಯ ತಟ್ಟೆಯನ್ನು ಒತ್ತಿ ಹಿಡಿದಿದ್ದಳು. ಸೋದರತ್ತೆ ನನ್ನ ಮದುವೆಗೆ ಕೊಟ್ಟ, ಹೆಸರು ಕೊರೆಸಿದ ಸ್ಟೀಲ್ ತಟ್ಟೆ. ಐದನೇ ತಂತಿ ಸೆಕೆಂಡಿಗೆ 110 ಸಲ ಅದುರುತ್ತದೆ. ತಟ್ಟೆಗೆ ಆ ಅದುರುವಿಕೆಯೇ ಹಿಡಿಸಿಬಿಟ್ಟಿದೆ.

"ನೀನು ಶುರು ಮಾಡಿದ್ರೆ ಇದೂ ಶುರು ಮಾಡತ್ತೆ" ಅಂದಳು. "ನಿಂಗೊತ್ತಿರ್ಬೇಕು ಅಂದ್ಕೊಂಡಿದ್ದೆ."

ತಟ್ಟೆಯನ್ನು ಅಟ್ಟಕ್ಕೆ ಸೇರಿಸಿದ್ದಾಯಿತು. ಎರಡು ವಾರ ಶುದ್ಧ ಟೋನ್. ಮೂರನೇ ವಾರ ಏನೋ ಕಡಿಮೆ ಅನ್ನಿಸತೊಡಗಿತು. ತಂಬೂರಿಯವರು ತಂತಿಯ ಕೆಳಗೆ ನೂಲೆಳೆ ಇಟ್ಟು ಬೇಕಂತಲೇ ಝೇಂಕಾರ ಬರಿಸುತ್ತಾರೆ, ಅದಕ್ಕೆ ಜೀವಾಳ ಅಂತಾರೆ ಅಲ್ವಾ? ನನ್ನ ಜೀವಾಳ ಅಟ್ಟದ ಮೇಲೆ ಹಳೇ ಪೇಪರಿನ ಜೊತೆ ಬಿದ್ದಿತ್ತು. ರಾತ್ರಿ ಸ್ಟೂಲ್ ಹಾಕಿಕೊಂಡು ಇಳಿಸಿ ತಂದೆ. ಈಗ ಅದು ಆಂಪಿನ ತಲೆಯ ಮೇಲೆ ಸ್ವಲ್ಪ ವಾರೆಯಾಗಿ ಕೂತಿದೆ. ವಾಲ್ಯೂಮ್ 2ರಲ್ಲೇ ಸಾಕು.

ಮೊನ್ನೆ ಭಾನುವಾರ ಕೆಳಗಿನ ಮನೆಯ ಅಂಕಲ್, ಆಂಟಿ ಊಟಕ್ಕೆ ಬಂದಿದ್ದರು. ಬಡಿಸಲು ನಿಂತ ಅಮ್ಮ ಎರಡು ಸಲ ಎಣಿಸಿ, "ಒಂದು ತಟ್ಟೆ ಕಡಿಮೆ ಇದ್ಯಲ್ಲೇ" ಅಂದಳು.

"ಅದು ಪ್ರಾಕ್ಟೀಸಿಗೆ ಹೋಗಿದೆ ಅತ್ತೆ" ಅಂದಳು ನನ್ನ ಹೆಂಡತಿ.